ಮನೆಮಗಳಿಗೆ ಬೇರೆ ಪಾಸ್‌ವರ್ಡ್

ತೇಜಸ್ವಿನಿ ತವರಿಗೆ ಬಂದದ್ದು ಡಿಸೆಂಬರ್ ಮೊದಲ ವಾರದಲ್ಲಿ, ಆರು ವಾರ ಇದ್ದು ಹೋಗುವುದಕ್ಕೆಂದು. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಚಾಮರಾಜಪೇಟೆಯಲ್ಲಿ ಬೆಳಗಿನ ಹೊತ್ತು ತರಗತಿ ನಡೆಯುತ್ತಿತ್ತು. ಮಾಲೂರಿನಿಂದ ದಿನಾ ಓಡಾಡುವುದು ಆಗದ ಮಾತು. ಗಂಡ ದೀಪಕ್‌ಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಏಳು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಎರಡು ಬ್ಯಾಗು, ಒಂದು ಹೊರೆ ಗೈಡು ಹೊತ್ತುಕೊಂಡು ಅವಳು ಗವಿಪುರದ ಮನೆಯ ಮೆಟ್ಟಿಲು ಹತ್ತಿದಳು.

ಮೊದಲನೇ ಮಹಡಿಯ ಮನೆ ಅದು. ಒಂದು ಹಜಾರ, ಎರಡು ಕೋಣೆ, ಅಡುಗೆಮನೆ. ಒಂದು ಕೋಣೆ ತೇಜಸ್ವಿನಿಯ ಅಪ್ಪ ಅಮ್ಮ, ಚಿಕ್ಕಮುನಿಯಪ್ಪ ಮುತ್ಯಾಲಮ್ಮನವರದು. ಇನ್ನೊಂದು ಅಣ್ಣ ನಂದಕುಮಾರ ಮತ್ತು ಅತ್ತಿಗೆ ರಮ್ಯಾಳದು. ಅಪ್ಪ ಮಗ ಇಬ್ಬರೂ ತರಕಾರಿ ವ್ಯಾಪಾರದವರು. ನಂದಕುಮಾರ ಕತ್ತಲಿರುವಾಗಲೇ ಎದ್ದು ಮಾರ್ಕೆಟ್ಟಿನಿಂದ ಸರಕು ತರುತ್ತಿದ್ದ. ಗಾಂಧಿ ಬಜಾರಿನ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಅಪ್ಪ ಕೂರುತ್ತಿದ್ದರು, ಅಲ್ಲಿಂದಾಚೆಗೆ ಮಗ. ರಮ್ಯಾ ಹಜಾರದ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ವಿಶ್ವಾರಾಧ್ಯ ಎನ್ನುವವರ ಮುದ್ರಣಾಲಯಕ್ಕೆ ಪುಸ್ತಕದ ಪುಟಗಳನ್ನು ಟೈಪ್ ಮಾಡಿ ಜೋಡಿಸಿಕೊಡುತ್ತಿದ್ದಳು. ಎಂಟು ವರ್ಷದಿಂದ ಅದೇ ಕುರ್ಚಿ, ಅದೇ ಕೆಲಸ. ಬೆನ್ನಿಗೆ ಒಂದು ಹಳೆಯ ದಿಂಬು ಕಟ್ಟಿಕೊಂಡಿದ್ದಳು.

ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಮಾದರಿ ಪರೀಕ್ಷೆ ಎಂದು ತೇಜಸ್ವಿನಿ ಮೊದಲ ದಿನವೇ ಹೇಳಿಕೊಂಡಳು. ರಮ್ಯಾ ಎರಡರಿಂದ ನಾಲ್ಕರವರೆಗೆ ಕುರ್ಚಿ ಬಿಟ್ಟುಕೊಟ್ಟು ಆ ಹೊತ್ತಿನಲ್ಲಿ ಪಾತ್ರೆ, ಬಟ್ಟೆ ಮುಗಿಸಲು ಒಪ್ಪಿದಳು. ಕಂಪ್ಯೂಟರಿಗೆ ಪಾಸ್‌ವರ್ಡ್ ಏನೂ ಇರಲಿಲ್ಲ. ಅಲ್ಲಿಯವರೆಗೆ ಅದರ ಅಗತ್ಯವೂ ಬಿದ್ದಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ನಾಲ್ಕನೆಯ ದಿನ ಪ್ರೆಸ್ಸಿನ ಒಂದು ಪುಸ್ತಕದ ಅರ್ಧ ಭಾಗ ಕಾಣೆಯಾಯಿತು. ತೇಜಸ್ವಿನಿ ಪೆನ್ ಡ್ರೈವ್ ಹಾಕಿ ತನ್ನ ಪಾಠಗಳನ್ನು ಇಳಿಸಿಕೊಳ್ಳುವಾಗ ಯಾವುದನ್ನೋ ಎಲ್ಲಿಗೋ ಎಳೆದುಬಿಟ್ಟಿದ್ದಳು. ಒಂದು ಇಡೀ ಬೆಳಗ್ಗೆ ಹುಡುಕಿದ ಮೇಲೆ ಸಿಕ್ಕಿತು. ವಿಶ್ವಾರಾಧ್ಯರು ಫೋನಿನಲ್ಲಿ ಗದರಲಿಲ್ಲ. ಬಂದವರಿಗೆ ಬೇರೆ ಖಾತೆ ಮಾಡಿಕೊಡಿ, ನಿಮ್ಮದಕ್ಕೆ ಪಾಸ್‌ವರ್ಡ್ ಇಡಿ, ಐದು ನಿಮಿಷದ ಕೆಲಸ, ಅವರಿಗೂ ನೆಮ್ಮದಿ ನಿಮಗೂ ನೆಮ್ಮದಿ ಎಂದು ಹೇಗೆ ಮಾಡಬೇಕೆಂಬುದನ್ನೂ ಹೇಳಿಕೊಟ್ಟರು.

ರಮ್ಯಾ ಅಂದೇ ಹಾಗೆ ಮಾಡಿದಳು. ಪ್ರೆಸ್ಸಿನ ಕೆಲಸಕ್ಕಾಗಿ ಮಾತ್ರವಲ್ಲ. ಆ ಕಂಪ್ಯೂಟರಿನಲ್ಲಿ ಅವಳದೇ ಒಂದು ಫೈಲಿತ್ತು.

ಅವಳಿಗೂ ನಂದಕುಮಾರನಿಗೂ ಮದುವೆಯಾಗಿ ಹನ್ನೊಂದು ವರ್ಷ. ಮಕ್ಕಳಾಗಿರಲಿಲ್ಲ. ಆಸ್ಪತ್ರೆಗೆ ಅಲೆದದ್ದು ಸಾಕಾಗಿ, ಹಿಂದಿನ ಜುಲೈನಲ್ಲಿ ಇಬ್ಬರೂ ಮಗುವನ್ನು ದತ್ತು ಪಡೆಯಲು ಹೆಸರು ನೋಂದಾಯಿಸಿದ್ದರು. ಮನೆಯ ಹಿರಿಯರಿಗೆ ಹೇಳಿರಲಿಲ್ಲ. ಜನವರಿಯಲ್ಲಿ ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತೆ ಮನೆ ನೋಡಲು ಬರುವವರಿದ್ದರು. ಅದಕ್ಕೆ ಮೊದಲು ಒಂದಷ್ಟು ಪ್ರಶ್ನೆಗಳಿಗೆ ಬರೆದು ಉತ್ತರ ಕೊಡಬೇಕಿತ್ತು. ಮಗು ಯಾಕೆ ಬೇಕು, ಮನೆಯಲ್ಲಿ ಯಾರು ಯಾರು ಇದ್ದಾರೆ, ಅವರ ಅಭಿಪ್ರಾಯವೇನು, ನೀವು ಕೆಲಸದಲ್ಲಿರುವಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ. ಉಳಿದವರ ಪುಸ್ತಕಗಳನ್ನೇ ಟೈಪ್ ಮಾಡುತ್ತಿದ್ದ ರಮ್ಯಾ ಮೊದಲ ಸಲ ತನ್ನದೇ ಏಳು ಪುಟ ಬರೆದಿದ್ದಳು. ನಿಜವನ್ನೇ ಬರೆಯಿರಿ, ಅದು ನಮ್ಮಲ್ಲೇ ಇರುತ್ತದೆ ಎಂದು ಆ ಸಂಸ್ಥೆಯವರು ಹೇಳಿದ್ದರು. ಅವಳು ನಿಜವನ್ನೇ ಬರೆದಿದ್ದಳು.

ಅಮ್ಮನಿಗೆ ಹೇಳುವ ಹೊಣೆ ನಂದಕುಮಾರನದು. ಅವನು ದಸರಾ ಕಳೆಯಲಿ ಎಂದ, ದೀಪಾವಳಿ ಕಳೆಯಲಿ ಎಂದ, ಈಗ ಸಂಕ್ರಾಂತಿ ಕಳೆಯಲಿ ಎನ್ನುತ್ತಿದ್ದ.

ಮರುದಿನ ಮಧ್ಯಾಹ್ನ ತೇಜಸ್ವಿನಿ ಕುರ್ಚಿಯಲ್ಲಿ ಕೂತವಳು ಪರದೆ ನೋಡಿ ಕೈ ಹಿಂದೆ ತೆಗೆದಳು. ಎರಡು ಹೆಸರು ಕಾಣುತ್ತಿದ್ದವು. ಒಂದು ರಮ್ಯಾ, ಇನ್ನೊಂದು ಗೆಸ್ಟ್.

"ಗೆಸ್ಟ್ ಅಂತೆ. ನಾನು ಹುಟ್ಟಿದ್ದೇ ಈ ಮನೇಲಿ ಅತ್ತಿಗೆ."

ಅದು ಕಂಪ್ಯೂಟರಿನಲ್ಲಿ ಹಾಗೆ ಕರೆಯುವ ರೂಢಿ, ಪ್ರೆಸ್ಸಿನವರು ಹೇಳಿದರು, ಫೈಲು ಕಲೆಸಿಹೋಗಬಾರದು ಅಷ್ಟೇ ಎಂದು ರಮ್ಯಾ ವಿವರಿಸಿದಳು. ಅವತ್ತೇ ಆ ಹೆಸರು ತೆಗೆದು ತೇಜಸ್ವಿನಿ ಎಂದು ಹಾಕಿದಳು. ಆದರೆ ಮಾತು ಅಡುಗೆಮನೆಗೆ ಹೋಗಿ ಆಗಿತ್ತು.

ಮುತ್ಯಾಲಮ್ಮ ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳನ್ನು ಹಿತಕಿ ಬೇಳೆ ಬಿಡಿಸುತ್ತಿದ್ದರು. ರಮ್ಯಾ ಎದುರಿಗೆ ಕೂತು ಕೈ ಹಾಕಿದಳು. ಅರ್ಧ ಪಾತ್ರೆ ಮುಗಿದ ಮೇಲೆ ಅತ್ತೆ ಬಾಯಿ ತೆಗೆದರು.

"ನಮ್ಮವ್ವನ ಕಾಲದಾಗೆ ಬೇರೆಯವರಿಗೆ ಬೇರೆ ಲೋಟ ಇಡೋರು. ನೀನು ನನ್ ಮಗಳಿಗೆ ಇಟ್ಟೆ."

"ಲೋಟ ಅಲ್ಲ ಅತ್ತೆ. ನನ್ನ ಕೆಲಸ ಅದ್ರಲ್ಲಿದೆ."

"ಕೆಲ್ಸ ಐತೆ, ಸರಿ. ಬೀಗ ಯಾರಿಗೆ ಹಾಕ್ತಾರೆ ಅಂತ ನಂಗೂ ಗೊತ್ತೈತೆ."

ಆ ಸಂಜೆ ಊಟದ ಹೊತ್ತಿಗೆ ಮಾತು ನಂದಕುಮಾರನ ತಟ್ಟೆಯ ಮುಂದೆ ಬಂತು. ಅವನು ಮುದ್ದೆ ಮುರಿಯುತ್ತಾ ಎರಡೂ ಕಡೆಯದನ್ನು ಕೇಳಿದ. ನಿದ್ದೆ ಎಳೆಯುತ್ತಿತ್ತು. ಆರು ವಾರ ತಾನೇ, ಹೊಂದಿಕೊಂಡು ಹೋಗಿ ಎಂದು ಯಾರ ಮುಖವನ್ನೂ ನೋಡದೆ ಹೇಳಿ ಕೈ ತೊಳೆದ.

ಎರಡು ವಾರ ಹಾಗೇ ಹೋಯಿತು. ಹೊಸ ಖಾತೆಯಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ, ಪ್ರಿಂಟರ್ ಒಂದು ದಿನ ಕೆಲಸ ಮಾಡಿದರೆ ಒಂದು ದಿನ ಇಲ್ಲ. ತೇಜಸ್ವಿನಿ ಕರೆದಾಗಲೆಲ್ಲ ರಮ್ಯಾ ಸೋಪಿನ ಕೈ ಒರೆಸಿಕೊಂಡು ಬಂದು ಸರಿಮಾಡಿ ಹೋಗುತ್ತಿದ್ದಳು. ಒಬ್ಬಳಿಗೆ ಕರೆದು ಕರೆದು ಬೇಸರ, ಇನ್ನೊಬ್ಬಳಿಗೆ ಎದ್ದು ಎದ್ದು.

ಕ್ರಿಸ್‌ಮಸ್ ಕಳೆದ ವಾರ ರಮ್ಯಾ ತಿದ್ದಿದ ಪುಟಗಳನ್ನು ಕೊಡಲು ಚಾಮರಾಜಪೇಟೆಯ ಪ್ರೆಸ್ಸಿಗೆ ಹೋಗಿದ್ದಳು. ತೇಜಸ್ವಿನಿಗೆ ಅಂದೇ ಒಂದು ಅರ್ಜಿ ಪ್ರಿಂಟ್ ಬೇಕಿತ್ತು. ಕಂಪ್ಯೂಟರ್ ಒಪ್ಪಲಿಲ್ಲ. ಅವಳು ಅಂಗಡಿಗೆ ಫೋನ್ ಮಾಡಿ ಅಣ್ಣನನ್ನು ಕೇಳಿದಳು. ಗಿರಾಕಿಗಳು ನಿಂತಿದ್ದರು. ತಕ್ಕಡಿಯಲ್ಲಿ ಹುರುಳಿಕಾಯಿ ಇತ್ತು. ರಮ್ಯಾ ತನಗೊಬ್ಬನಿಗೇ ಹೇಳಿದ್ದ ಪಾಸ್‌ವರ್ಡನ್ನು ನಂದಕುಮಾರ ತಂಗಿಗೆ ಹೇಳಿ ಫೋನ್ ಇಟ್ಟ.

ಅರ್ಜಿ ಪ್ರಿಂಟಾಯಿತು. ಆಮೇಲೆ, ಈಚೆಗೆ ತೆರೆದ ಫೈಲುಗಳ ಸಾಲಿನಲ್ಲಿ ‘ದತ್ತು - ನಮ್ಮ ಉತ್ತರ’ ಎಂಬ ಹೆಸರನ್ನು ತೇಜಸ್ವಿನಿ ಕಂಡಳು. ಮುಚ್ಚಿ ಏಳಬಹುದಿತ್ತು. ಅವಳು ಏಳೂ ಪುಟ ಓದಿದಳು.

ಎರಡು ದಿನ ಯಾರಿಗೂ ಹೇಳಲಿಲ್ಲ. ಕ್ಲಾಸಿಗೆ ಹೋದಳು, ಬಂದಳು, ಊಟ ಬಿಟ್ಟಳು. ಮೂರನೆಯ ದಿನ ಮುತ್ಯಾಲಮ್ಮ ತಲೆಗೆ ಎಣ್ಣೆ ಹಚ್ಚುತ್ತಾ ಏನಾಯಿತು ಮಗಳೇ ಎಂದು ಕೇಳಿದಾಗ ಹೇಳಿಬಿಟ್ಟಳು.

ಭಾನುವಾರ ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ರಮ್ಯಾ ಸಾರು ಬಡಿಸಲು ಬಗ್ಗಿದಾಗ ಮುತ್ಯಾಲಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಎಲ್ಲಿಂದಲೋ ಮಗು ತರ್ತೀರಂತೆ. ತನ್ನಿ. ನನ್ ಕೈಲಿ ಅದನ್ನ ಬಿಡೋಕೆ ನಿಂಗೆ ಧೈರ್ಯ ಇಲ್ಲ ಅಂತ ಬರ್ದಿದೀಯಂತಲ್ಲ. ನಿನ್ ಗಂಡನ್ನ ಯಾರ ಕೈಲಿ ಬೆಳೆಸಿದ್ದು?"

ರಮ್ಯಾ ಸೌಟು ಹಿಡಿದೇ ನಿಂತಳು. ಮೊದಲು ತೇಜಸ್ವಿನಿಯನ್ನು ನೋಡಿದಳು, ಆಮೇಲೆ ಗಂಡನನ್ನು. ತೇಜಸ್ವಿನಿ ತಲೆ ತಗ್ಗಿಸಿದ್ದಳು. ನಂದಕುಮಾರನೂ ತಗ್ಗಿಸಿದ್ದು ನೋಡಿದ ಮೇಲೆ ಪಾಸ್‌ವರ್ಡ್ ಕೊಟ್ಟವರು ಯಾರೆಂದು ರಮ್ಯಾ ಕೇಳಬೇಕಾಗಲಿಲ್ಲ. ಮುತ್ಯಾಲಮ್ಮ ಮಾತು ನಿಲ್ಲಿಸಲಿಲ್ಲ. ಬೆನ್ನಿಗೆ ಕೂಸು ಕಟ್ಟಿಕೊಂಡು ಸೊಪ್ಪು ಮಾರಿದ್ದು, ತಂತಿಬುಟ್ಟಿಯಲ್ಲಿ ತೇಜಸ್ವಿನಿಯನ್ನು ಮಲಗಿಸಿ ತರಕಾರಿ ತೂಕ ಹಾಕಿದ್ದು, ಎಲ್ಲವನ್ನೂ ಹೇಳಿದರು. ಕೊನೆಗೆ ಅರ್ಧ ಊಟದಲ್ಲಿ ಎದ್ದು ಹೋದರು. ಚಿಕ್ಕಮುನಿಯಪ್ಪ ಮಾತ್ರ ತಟ್ಟೆಯಲ್ಲಿದ್ದುದನ್ನು ಮುಗಿಸಿದರು. ಅನ್ನ ಬಿಟ್ಟು ಏಳುವುದು ಅವರಿಗೆ ಆಗುತ್ತಿರಲಿಲ್ಲ.

ಗಂಡ ಹೆಂಡತಿ ಮಾತಾಡಿದ್ದು ಮಾಳಿಗೆಯ ಮೇಲೆ, ಬಟ್ಟೆ ತೆಗೆಯುವಾಗ.

"ಅಂಗಡೀಲಿ ನಾಲ್ಕು ಜನ ನಿಂತಿದ್ರು. ಕೇಳಿದ್ಲು, ಹೇಳ್ದೆ" ಎಂದ ನಂದಕುಮಾರ.

"ನಾಲ್ಕು ಜನ ಹೋದ್ಮೇಲೆ ನಂಗೊಂದು ಫೋನ್ ಮಾಡ್ಬೋದಿತ್ತು."

"ಮಾಡ್ಬೋದಿತ್ತು."

"ನೀವು ಆರು ತಿಂಗಳಿಂದ ಅತ್ತೆಗೆ ಹೇಳ್ತೀನಿ ಹೇಳ್ತೀನಿ ಅಂದ್ರಿ. ಹೇಳಿದ್ರೆ ಆ ಫೈಲಿಗೆ ಬೀಗಾನೇ ಬೇಕಿರ್ಲಿಲ್ಲ."

ಅವನು ಒಣಗಿದ ಸೀರೆಯ ಇನ್ನೊಂದು ತುದಿ ಹಿಡಿದು ಮಡಿಸಲು ಬಂದ. ಅವಳು ತುದಿ ಕೊಡದೆ ಒಬ್ಬಳೇ ಮಡಿಸಿಕೊಂಡಳು.

ಮರುದಿನದಿಂದ ಮನೆಯಲ್ಲಿ ಎರಡು ಅಡುಗೆ. ರಮ್ಯಾ ಒಲೆ ಬಿಟ್ಟ ಮೇಲೆ ಮುತ್ಯಾಲಮ್ಮ ಬಂದು ತಮಗೂ ಗಂಡನಿಗೂ ಮುದ್ದೆ, ಸೊಪ್ಪಿನ ಸಾರು ಮಾಡಿಕೊಳ್ಳುತ್ತಿದ್ದರು. ಚಿಕ್ಕಮುನಿಯಪ್ಪ ಹೆಂಡತಿಯ ಮುದ್ದೆ ಉಂಡು, ಸೊಸೆಯ ಪಲ್ಯ ಒಂದು ಚೂರು ಹಾಕಿಸಿಕೊಂಡು, ಎರಡೂ ಚೆನ್ನಾಗಿದೆ ಎಂದು ಏಳುತ್ತಿದ್ದರು. ತೇಜಸ್ವಿನಿ ಯಾವ ಪಾತ್ರೆಯಿಂದ ಹಾಕಿಕೊಳ್ಳುವುದು ತಿಳಿಯದೆ ಕ್ಲಾಸಿನ ಹತ್ತಿರ ಚಿತ್ರಾನ್ನ ತಿಂದು ಬರತೊಡಗಿದಳು. ಕಂಪ್ಯೂಟರ್ ಮುಟ್ಟುವುದನ್ನು ಬಿಟ್ಟಳು. ಮಾದರಿ ಪರೀಕ್ಷೆಗಳನ್ನು ಫೋನಿನ ಸಣ್ಣ ಪರದೆಯಲ್ಲೇ ಕಣ್ಣು ಕಿರಿದು ಮಾಡಿ ಬರೆಯುತ್ತಿದ್ದಳು.

ಒಂದು ದಿನ ನೀರು ತುಂಬಿಸುವಾಗ ಇಬ್ಬರೇ ಇದ್ದರು.

"ನಾನು ಓದ್ಬಾರ್ದಿತ್ತು ಅತ್ತಿಗೆ. ಆದ್ರೆ ಓದಿದ್ಮೇಲೆ ಸುಮ್ನಿರಕ್ಕೆ ಆಗ್ಲಿಲ್ಲ. ನಿಮ್ಮಮ್ಮನ ಬಗ್ಗೆ ಯಾರಾದ್ರೂ ಹಂಗೆ ಬರ್ದಿದ್ರೆ ನೀವು ಸುಮ್ನಿರ್ತಿದ್ರಾ?"

"ಇರ್ತಿರ್ಲಿಲ್ಲ. ಆದ್ರೆ ನಾನು ಓದ್ತಾನೂ ಇರ್ಲಿಲ್ಲ."

ಬಿಂದಿಗೆ ತುಂಬಿತು. ತೇಜಸ್ವಿನಿ ನಲ್ಲಿ ನಿಲ್ಲಿಸಿದಳು. ಏಳು ಪುಟದಲ್ಲಿ ಅಮ್ಮನಿಗೆ ತಾನು ಹೇಳಿದ್ದು ಆ ಒಂದು ಸಾಲು ಮಾತ್ರ, ಉಳಿದದ್ದು ಹೇಳಲು ಬಾಯಿ ಬರಲಿಲ್ಲ ಎಂದಳು. ಉಳಿದದ್ದು ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಸಂಕ್ರಾಂತಿಯ ಎಳ್ಳು ಬೀರುವುದನ್ನು ಆ ವರ್ಷ ಮುತ್ಯಾಲಮ್ಮ ಒಬ್ಬರೇ ಮಾಡಿದರು. ಸಮಾಜ ಕಾರ್ಯಕರ್ತೆ ಮಹಾನಂದ ಫೋನ್ ಮಾಡಿ ಇಪ್ಪತ್ತೇಳನೇ ತಾರೀಕು ಬರುವುದಾಗಿ, ಮನೆಯವರೆಲ್ಲ ಇರಬೇಕೆಂದು ತಿಳಿಸಿದರು. ರಮ್ಯಾ ಅದನ್ನು ಮಾವನಿಗೆ ಹೇಳಿದಳು. ಚಿಕ್ಕಮುನಿಯಪ್ಪ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು.

"ನಿಮ್ಮತ್ತೆಗೆ ಓದಕ್ಕೆ ಬರಲ್ಲ ಕಣಮ್ಮ. ಮಗಳು ಹೇಳಿದ್ದೊಂದೇ ಮಾತು ತಲೇಲಿ ತಿರುಗ್ತಾ ಐತೆ. ನೀನೇ ಓದಿ ಹೇಳು."

ಅದು ಇನ್ನೊಬ್ಬರಿಗೆ ಓದುವುದಕ್ಕೆ ಬರೆದದ್ದಲ್ಲ ಮಾವ ಎಂದಳು ರಮ್ಯಾ. ಅವರು ತಲೆಯಾಡಿಸಿ ಅಂಗಡಿಗೆ ಹೋದರು. ಮತ್ತೆ ಆ ಮಾತೆತ್ತಲಿಲ್ಲ.

ತೇಜಸ್ವಿನಿ ಪರೀಕ್ಷೆ ಬರೆದು ಅದರ ಮರುದಿನ ಬೆಳಗ್ಗೆ ಮಾಲೂರಿಗೆ ಹೊರಟಳು. ಹೊರಡುವಾಗ ಅತ್ತಿಗೆಯ ಕೈಯಿಂದ ಕುಂಕುಮ ಇಡಿಸಿಕೊಂಡಳು. ಬಸ್ಸಿನವರೆಗೆ ಬ್ಯಾಗು ಹಿಡಿದು ಹೋದದ್ದು ನಂದಕುಮಾರ. ರಮ್ಯಾ ಒಳಗೆ ಬಂದು ತೇಜಸ್ವಿನಿಯ ಹೆಸರಿನ ಖಾತೆ ತೆಗೆದುಹಾಕಿ, ತನ್ನದಕ್ಕೆ ಹೊಸ ಪಾಸ್‌ವರ್ಡ್ ಇಟ್ಟಳು. ಅದನ್ನು ಗಂಡನಿಗೆ ಹೇಳಲಿಲ್ಲ.

ಅದೇ ಮಧ್ಯಾಹ್ನ ಮುತ್ಯಾಲಮ್ಮ ಕೋಣೆಯಿಂದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ಕಂಪ್ಯೂಟರಿನ ಪಕ್ಕ ಹಾಕಿ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು.

"ಓದು."

ರಮ್ಯಾ ಅವರನ್ನೇ ನೋಡಿದಳು. ಪ್ರೆಸ್ಸಿನ ಕೆಲಸ ಮುಚ್ಚಿ, ಆ ಫೈಲು ತೆರೆದು ಮೊದಲ ಸಾಲಿನಿಂದ ಓದತೊಡಗಿದಳು. ಹೆಸರು, ವಯಸ್ಸು, ಉದ್ಯೋಗ. ಮದುವೆಯಾದ ವರ್ಷ. ಅತ್ತೆ ಮಾವ ತನ್ನನ್ನು ಕೆಲಸ ಬಿಡು ಎಂದು ಒಂದು ದಿನವೂ ಹೇಳಲಿಲ್ಲ ಎಂದು ಬರೆದಿದ್ದಳು, ಅದನ್ನೂ ಓದಿದಳು. ಮೂರನೆಯ ಪುಟದಲ್ಲಿ ಆಸ್ಪತ್ರೆಯ ವಿಷಯ ಬಂತು. ಮೂರು ತಿಂಗಳಿಗೆ ಹೋದ ಮೊದಲನೆಯ ಬಸಿರು ಮನೆಯವರಿಗೆಲ್ಲ ಗೊತ್ತಿತ್ತು. ಎರಡನೆಯದು, ಐದನೆಯ ವರ್ಷದ್ದು, ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ ಎಂದು ರಮ್ಯಾ ಓದಿದಳು.

ಮುತ್ಯಾಲಮ್ಮ ಕೈಯೆತ್ತಿ ನಿಲ್ಲಿಸಿದರು.

"ಅದ್ಯಾವಾಗ?"

"ಶಿವರಾತ್ರಿ ಮುಂದೆ. ನಾಲ್ಕು ದಿನ ಮಲಗಿದ್ನಲ್ಲ."

"ಜ್ವರ ಅಂದ್ರಿ."

"ಜ್ವರ ಅಲ್ಲ ಅತ್ತೆ."

ಮುತ್ಯಾಲಮ್ಮ ಕಿಟಕಿಯ ಕಡೆಗೆ ತಿರುಗಿದರು. ಕೆಳಗೆ ಹಳೇ ಪೇಪರಿನವನು ಕೂಗುತ್ತಾ ಹೋದ.

"ಆ ವಾರ ನಿನ್ ಕೈಲಿ ಮನೆ ಕಂಬಳಿಯೆಲ್ಲಾ ಒಗೆಸ್ದೆ ನಾನು. ಹಬ್ಬ ಬತ್ತೈತೆ, ಎಷ್ಟು ದಿನ ಮಲಗ್ತೀಯ ಅಂದೆ."

"ಹೌದು."

"ಒಂದು ಮಾತು ಅಂದಿದ್ರೆ ಒಗೆಸ್ತಿದ್ನೇನೆ?"

ರಮ್ಯಾಳ ಕಣ್ಣು ತುಂಬಿ ಅಕ್ಷರಗಳು ಕಲೆಸಿಹೋದವು. ಒರೆಸಿಕೊಂಡು ಮುಂದೆ ಓದಿದಳು. ಐದನೆಯ ಪುಟಕ್ಕೆ ಬಂದು ನಿಂತಳು. ಇಲ್ಲಿಂದ ನಿಮಗೆ ಗೊತ್ತಿರುವುದೇ ಎಂದಳು. ನಿನ್ನ ಬಾಯಲ್ಲಿ ಕೇಳಬೇಕು ಎಂದರು ಮುತ್ಯಾಲಮ್ಮ.

ರಮ್ಯಾ ಓದಿದಳು. ಕೆಳಗಿನ ಮನೆಯ ದಂಪತಿ ಹೆಣ್ಣುಮಗುವನ್ನು ದತ್ತು ತಂದಾಗ ನಮ್ಮ ಅತ್ತೆ, ಯಾರ ಬಸಿರೋ ಏನೋ, ಸಾಕಿದರೂ ನಾಳೆ ತನ್ನ ಬುದ್ಧಿ ತೋರಿಸುತ್ತೆ ಎಂದು ಮೆಟ್ಟಿಲ ಮೇಲೆ ನಿಂತು ಅಂದರು. ಆ ಮಗು ಅಲ್ಲೇ ಆಡುತ್ತಿತ್ತು. ಅತ್ತೆ ಕೆಟ್ಟವರಲ್ಲ, ಆದರೆ ಅವರ ಬಾಯಿ ಹಾಗೆ. ನಮ್ಮ ಮಗುವನ್ನು ಅವರ ಕೈಯಲ್ಲಿ ಬಿಟ್ಟು ಕೆಲಸಕ್ಕೆ ಕೂರಲು ನನಗೆ ಧೈರ್ಯವಿಲ್ಲ.

ಈ ಸಾಲು ಬೇಕಾದರೆ ತೆಗೆಯುತ್ತೇನೆ ಎಂದು ರಮ್ಯಾ ಮೆಲ್ಲಗೆ ಅಂದಳು.

"ಬ್ಯಾಡ. ಆಡಿದ್ದು ನಾನೇ. ನೀನು ಅಳಿಸಿದ್ರೆ ಆಡಿಲ್ಲ ಅಂತ ಆಯ್ತದಾ?"

ಮುತ್ಯಾಲಮ್ಮ ಎದ್ದು, ಕುರ್ಚಿಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದರು. ಸಂಜೆ ಒಂದೇ ಪಾತ್ರೆಯಲ್ಲಿ ಸಾರು ಮಾಡಿದರು. ಯಾರನ್ನೂ ಕರೆಯಲಿಲ್ಲ. ಮಾಡಿಟ್ಟು ಟಿವಿಯ ಮುಂದೆ ಕೂತರು.

ಇಪ್ಪತ್ತೇಳನೇ ತಾರೀಕು ಚಿಕ್ಕಮುನಿಯಪ್ಪ ಅಂಗಡಿ ತೆರೆಯಲಿಲ್ಲ. ಬಿಳಿ ಅಂಗಿ ಹಾಕಿಕೊಂಡು ಒಂಬತ್ತಕ್ಕೇ ಕುರ್ಚಿಯಲ್ಲಿ ಕೂತರು. ಮಹಾನಂದ ಬಂದಾಗ ಹನ್ನೊಂದಾಗಿತ್ತು. ಐವತ್ತರ ಹೆಂಗಸು, ಬೆವರುತ್ತಿದ್ದರು, ಮೊದಲು ನೀರು ಕೇಳಿದರು. ಕೋಣೆ, ಬಚ್ಚಲು, ಮಾಳಿಗೆ ನೋಡಿದರು. ಗಂಡ ಹೆಂಡತಿಯನ್ನು ಒಟ್ಟಿಗೆ, ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿದರು. ಚಿಕ್ಕಮುನಿಯಪ್ಪ, ನನಗೇನೂ ಅಡ್ಡಿಯಿಲ್ಲ, ಮಗು ಓದಲಿ, ಅಂಗಡಿಯಲ್ಲಿ ಕೂರುವುದು ಬೇಡ ಎಂದರು.

ಮುತ್ಯಾಲಮ್ಮನ ಸರದಿ ಬಂದಾಗ ರಮ್ಯಾ ಎದ್ದು ಹೊರಡಲು ಹೋದಳು.

"ಇರ್ಲಿ ಕೂತ್ಕೊ" ಎಂದರು ಮುತ್ಯಾಲಮ್ಮ. ಮಹಾನಂದರ ಕಡೆ ತಿರುಗಿ, ಮಗು ಯಾವ ಜಾತಿಯದು ಎಂದು ಹೇಳುತ್ತಾರಾ ಎಂದು ಕೇಳಿದರು. ಗೊತ್ತಿದ್ದರೂ ಹೇಳುವುದಿಲ್ಲ ಅಮ್ಮ, ಎಂದರು ಮಹಾನಂದ. ಮುತ್ಯಾಲಮ್ಮ ಅದನ್ನು ನುಂಗಿಕೊಂಡರು.

"ಇವಳು ನನ್ ಬಗ್ಗೆ ಬರ್ದಿರೋದು ದಿಟ ಮೇಡಮ್ಮೋರೆ. ಆ ಮಾತು ನಾನು ಆಡಿದ್ದೆ. ಇನ್ನು ಆಡಲ್ಲ ಅಂತ ನಿಮ್ಮುಂದೆ ಆಣೆ ಇಡೋಕಾಗಲ್ಲ, ಅರವತ್ತೇಳು ವರ್ಸದ ಬಾಯಿ. ಆಡಿದ್ರೆ ಇವಳು ನನ್ನ ಕೇಳ್ಲಿ. ಬರ್ದು ಮಡಿಕ್ಕೊಳೋದು ಬ್ಯಾಡ, ಮುಖದ ಮುಂದೆ ಕೇಳ್ಲಿ. ಅಷ್ಟೇ ನನ್ ಮಾತು."

ಮಹಾನಂದ ಅದನ್ನು ಬರೆದುಕೊಂಡರು. ನೀವು ಕೇಳ್ತೀರಾ ಎಂದು ಅವರು ರಮ್ಯಾಳನ್ನು ಕೇಳಿದರು. ಕೇಳ್ತೀನಿ ಎಂದಳು ರಮ್ಯಾ. ಧ್ವನಿ ಸಣ್ಣಗಾಗಿತ್ತು, ಆದರೆ ಅತ್ತೆಯನ್ನು ನೋಡಿಯೇ ಹೇಳಿದಳು.

ಫೆಬ್ರವರಿ ಎರಡನೇ ವಾರದಲ್ಲಿ ಮಹಾನಂದರ ವರದಿ ಒಪ್ಪಿಗೆಯಾಯಿತೆಂದು ತಿಳಿಯಿತು. ಇನ್ನು ಕಾಯುವುದೇ ಕೆಲಸ. ನಂದಕುಮಾರ ಅಂಗಡಿಯಿಂದ ಬರುವಾಗ ಅರ್ಧ ಕಿಲೋ ಮೈಸೂರುಪಾಕು ತಂದ. ರಮ್ಯಾ ಅವನ ಕೈಯಿಂದ ಪೊಟ್ಟಣ ತೆಗೆದುಕೊಂಡು ಬಿಚ್ಚಿದಳು. ಅವನ ಜೊತೆ ಇನ್ನೂ ಅಗತ್ಯಕ್ಕೆ ತಕ್ಕಷ್ಟೇ ಮಾತು. ಅವನೂ ಹೆಚ್ಚು ಕೇಳುವ ಧೈರ್ಯ ಮಾಡಿರಲಿಲ್ಲ.

ಮುತ್ಯಾಲಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, ಇನ್ನೆಷ್ಟು ದಿನ ಎಂದು ಸೊಸೆಯನ್ನು ಕೇಳಿದರು. ಸರದಿ ಉದ್ದ ಇದೆ, ಮೂರು ವರ್ಷವಾದರೂ ಆಗುತ್ತದೆ ಎಂದಳು ರಮ್ಯಾ.

"ಮೂರು ವರ್ಸಕ್ಕೆ ನಂಗೆ ಎಪ್ಪತ್ತು" ಎಂದರು ಮುತ್ಯಾಲಮ್ಮ. ಎರಡೂ ಮಂಡಿಗಳನ್ನು ಅಂಗೈಯಿಂದ ಮೆಲ್ಲಗೆ ತಿಕ್ಕಿಕೊಂಡರು. "ಇವನ್ನ ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಬೇಕು. ಒಂದು ಕೂಸು ಎತ್ಕೊಂಡು ಆ ಮೆಟ್ಟಿಲು ಹತ್ತೋಕೆ ಈಗಲೇ ಆಗಕ್ಕಿಲ್ಲ."

ಸೋಮವಾರ ಬೆಳಗ್ಗೆ ಹೋಗಿ ಬರೋಣ, ಆಮೇಲಾದರೆ ಕ್ಯೂ ಜಾಸ್ತಿ ಎಂದಳು ರಮ್ಯಾ.